ಗೊಣಗಿಯ ಕೊನೆಯ ಮೊಟ್ಟೆಗಳು

ಊರಿನವರೆಲ್ಲ ಅವನನ್ನು ಫ್ರಿಜ್ಜಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಮತ ಹಾಕುವ ದಿನ ಮಾತ್ರ ಕೆಲಸಕ್ಕೆ ಬರುತ್ತಿತ್ತು. ಕೆಟ್ಟ ಫ್ರಿಜ್ಜುಗಳನ್ನು ರಿಪೇರಿ ಮಾಡಿ ಮತ್ತೆ ತಣ್ಣಗಾಗಿಸುವುದೇ ಅವನ ಹೊಟ್ಟೆಪಾಡು. ಅಂಥವನು ಒಂದು ಭಾನುವಾರ ಬೆಳಿಗ್ಗೆ, ತಂಪು ಪಾನೀಯದ ಅಂಗಡಿಯವನು ಗುಜರಿಗೆ ಹಾಕಲು ಇಟ್ಟಿದ್ದ ಗಾಜಿನ ಬಾಗಿಲಿನ ಗಿಡ್ಡ ಫ್ರಿಜ್ಜೊಂದನ್ನು ಹೊತ್ತು ತಂದ. ಅದರ ಹೊಟ್ಟೆಯೊಳಗಿನ ಸಾಮಾನನ್ನೆಲ್ಲ ಕಿತ್ತು ಹಾಕಿ ಎರಡು ಬಲ್ಬು, ಒಂದು ಪುಟ್ಟ ಫ್ಯಾನು, ಶಾಖ ಹೆಚ್ಚು ಕಡಿಮೆಯಾದರೆ ಬಲ್ಬನ್ನು ತಾನೇ ಆರಿಸಿ ಹೊತ್ತಿಸುವ ಒಂದು ಥರ್ಮೋಸ್ಟ್ಯಾಟ್ ಕೂರಿಸಿದ. ಹಿಂದಿನ ಕೋಣೆಯಲ್ಲಿ ಅದನ್ನು ನಿಲ್ಲಿಸಿ, "ಇನ್ಮೇಲೆ ಇದು ಬೆಚ್ಚಗಿರುತ್ತೆ" ಎಂದು ಘೋಷಿಸಿದ.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಹೆಂಡತಿ ಕಾಲು ನಿಲ್ಲಿಸಿದಳು. "ಜೀವಮಾನವೆಲ್ಲ ತಣ್ಣಗೆ ಮಾಡಿದ ಕೈ ಅದು. ನೋಡಿ ಮತ್ತೆ, ಮೊಟ್ಟೆ ಮರಿಯಾಗುತ್ತೋ ಐಸ್‌ಕ್ರೀಮ್ ಆಗುತ್ತೋ!"

ಅವಳು ನಕ್ಕಳು. ಆದರೆ ಈ ಸರ್ಕಸ್ಸು ಯಾಕೆ ನಡೆದಿದೆ ಎಂದು ಅವಳಿಗೂ ಗೊತ್ತಿತ್ತು.

ವಿಷಯ ಅತ್ತೆಯದು. ಹೆಂಡತಿಯ ತಾಯಿ ಆ ಮನೆಗೆ ಬಂದು ಒಂದು ವರ್ಷವಾಗಿತ್ತು. ಬರುವಾಗ ಒಂದು ಕೈಯಲ್ಲಿ ಕಂದು ಬಣ್ಣದ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಬುಟ್ಟಿ, ಬುಟ್ಟಿಯೊಳಗೆ ಒಂದು ಕೋಳಿ. ಕೋಳಿಯ ಹೆಸರು ಗೊಣಗಿ. ಹೆಸರಿಗೆ ತಕ್ಕ ಹಾಗೆ ಬೆಳಗಾದರೆ ಗೊಣಗು, ಕಾಳು ಹಾಕಿದರೆ ಗೊಣಗು, ಹಾಕದಿದ್ದರೆ ಕೇಳುವುದೇ ಬೇಡ. ಅತ್ತೆಯ ತಾಯಿ ಸಾಕಿದ್ದ ಕೋಳಿಯ ಮರಿಯ ಮರಿಯ ಮರಿ ಅದು. ಆ ಸಂತತಿಯಲ್ಲಿ ಉಳಿದಿದ್ದು ಅದೊಂದೇ.

"ಗೊಣಗಿ ಇರೋವರೆಗೆ ಇಲ್ಲಿರ್ತೀನಿ. ವಯಸ್ಸಾದ ಕೋಳಿ, ಬಸ್ಸಲ್ಲಿ ಮತ್ತೆ ಎಲ್ಲಿಗೆ ಎಳ್ಕೊಂಡು ಹೋಗ್ಲಿ? ಅದರ ಕಾಲ ಮುಗಿದ ಮೇಲೆ ತಂಗಿ ಮನೆಗೆ ಹೋಗ್ತೀನಿ. ಮಗಳ ಮನೇಲಿ ಎಷ್ಟು ದಿನ ಅಂತ ನೆಂಟರ ಹಾಗೆ ಇರೋದು?" ಎಂದು ಬಂದ ದಿನವೇ ಅತ್ತೆ ಹೇಳಿಬಿಟ್ಟಿದ್ದರು. ಹೇಳಿದ ಮಾತಿಗೆ ಸಾಕ್ಷಿ ಎಂಬಂತೆ ಬಟ್ಟೆಗಳನ್ನು ಸೂಟ್‌ಕೇಸಿನಿಂದ ಹೊರಗೆ ತೆಗೆಯಲೇ ಇಲ್ಲ. ಅಳಿಯ ಕಪಾಟಿನ ಕೆಳಗಿನ ಎರಡು ಅರೆಗಳನ್ನು ಖಾಲಿ ಮಾಡಿ, ಒರೆಸಿ, ಕಾಗದ ಹಾಸಿ ಇಟ್ಟಿದ್ದ. ಅವು ವರ್ಷದಿಂದ ಹಾಗೆಯೇ ಬಾಯಿ ಬಿಟ್ಟುಕೊಂಡು ಕೂತಿದ್ದವು. ಅತ್ತೆ ಮಾತ್ರ ಮಂಚದ ಕೆಳಗಿಂದ ಸೂಟ್‌ಕೇಸು ಎಳೆದು, ಬೇಕಾದ್ದು ತೆಗೆದು, ಮತ್ತೆ ಒಳಗೆ ತಳ್ಳುತ್ತಿದ್ದರು.

ತಂಗಿಯ ಮನೆ ಮೂರನೇ ಮಹಡಿಯಲ್ಲಿತ್ತು. ಲಿಫ್ಟಿಲ್ಲ, ಅತ್ತೆಗೆ ಮಂಡಿನೋವು. ಇದು ಮಗಳ ಚಿಂತೆ. ಅಳಿಯನ ಚಿಂತೆಯೇ ಬೇರೆ. ಅವನು ಚಿಕ್ಕಂದಿನಿಂದ ಹಾಸ್ಟೆಲ್ಲು, ಛತ್ರ, ಗೆಳೆಯರ ಕೋಣೆ ಅಂತ ಬೆಳೆದವನು. ಅತ್ತೆ ಬಂದ ಮೇಲೆ ಅವನು ಕೆಲಸ ಮುಗಿಸಿ ತಡವಾಗಿ ಬಂದ ಮೊದಲ ದಿನ, ಅವರು ಊಟದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿ, ಅದರ ಮೇಲೆ ದಪ್ಪ ಟವೆಲ್ ಹೊದಿಸಿ ಇಟ್ಟಿದ್ದರು. ಊಟ ಬಿಸಿಯಾಗಿಯೇ ಇತ್ತು. ಆವತ್ತಿನಿಂದ ಈ ಹೆಂಗಸು ಈ ಮನೆ ಬಿಟ್ಟು ಹೋಗಬಾರದು ಎಂದು ಅವನಿಗೆ ಅನ್ನಿಸಿಬಿಟ್ಟಿತು. ಅದನ್ನು ಬಾಯಿಬಿಟ್ಟು ಹೇಳಲು ಮಾತ್ರ ಅವನಿಂದ ಆಗಲಿಲ್ಲ.

ಯಾಕೆಂದರೆ ಅತ್ತೆಗೂ ಅಳಿಯನಿಗೂ ನೇರ ಮಾತೇ ಇರಲಿಲ್ಲ. ಜಗಳವೇನಲ್ಲ, ಬರೀ ಸಂಕೋಚ. ಅವರಿಗೆ ಇವನೆಂದರೆ ಮರ್ಯಾದೆ, ಇವನಿಗೆ ಅವರೆಂದರೆ ಮರ್ಯಾದೆ. ಮರ್ಯಾದೆ ಹೆಚ್ಚಾಗಿ ಇಬ್ಬರ ಬಾಯಿಗೂ ಬೀಗ ಬಿದ್ದಿತ್ತು. ಒಂದೇ ಕೋಣೆಯಲ್ಲಿ ಕೂತಿದ್ದರೂ ಅತ್ತೆ, "ಅಳಿಯಂದಿರು ಟೀ ಕುಡೀತಾರಾ ಕೇಳೇ" ಎನ್ನುವರು. ಅವನು, "ಕುಡೀತೀನಿ ಅಂತ ಹೇಳು" ಎನ್ನುವನು. ನಡುವೆ ಕೂತ ಹೆಂಡತಿ, "ಇಬ್ಬರಿಗೂ ಕಿವಿ ಚೆನ್ನಾಗೇ ಇದೆಯಲ್ಲ! ನಾನೇನು ಟೆಲಿಫೋನ್ ಕಂಬವಾ?" ಎಂದು ರೇಗುವಳು. ರೇಗಿದರೂ ಏನೂ ಬದಲಾಗಲಿಲ್ಲ.

ಹೀಗಿರುವಾಗ ಗೊಣಗಿ ಮೊಟ್ಟೆ ಇಡುವುದು ಕಡಿಮೆಯಾಯಿತು. ಕಾವಿಗಂತೂ ಅದು ಕೂರುತ್ತಲೇ ಇರಲಿಲ್ಲ. ಅರ್ಧ ಗಂಟೆ ಕೂತು, ಗೊಣಗಿ, ಎದ್ದು ಹೋಗಿಬಿಡುತ್ತಿತ್ತು. "ಇದರ ಜೊತೆಗೇ ಮುಗೀತು ನಮ್ಮಮ್ಮನ ಕೋಳಿ ವಂಶ. ನನ್ನ ಇಲ್ಲಿನ ಋಣಾನೂ" ಎಂದು ಅತ್ತೆ ಮಗಳ ಬಳಿ ಹೇಳಿದ್ದನ್ನು ಫ್ರಿಜ್ಜಣ್ಣ ಗೋಡೆಯಾಚೆಯಿಂದ ಕೇಳಿಸಿಕೊಂಡ. ಮರಿಗಳಾದರೆ ಅತ್ತೆ ಉಳಿಯುತ್ತಾರೆ ಎಂಬ ಲೆಕ್ಕ ಅವನ ತಲೆಯಲ್ಲಿ ಕೂತಿತು. ಅದರ ಫಲವೇ ಗಾಜಿನ ಬಾಗಿಲಿನ ಆ ಫ್ರಿಜ್ಜು.

ಎದುರುಮನೆಯ ಬೇಕರಿಯವನ ಹುಂಜ ತನ್ನ ಕರ್ತವ್ಯ ಮಾಡಿತು. ಗೊಣಗಿ ದಿನ ಬಿಟ್ಟು ದಿನ ಇಟ್ಟ ಮೊಟ್ಟೆಗಳನ್ನು ಕೂಡಿಟ್ಟು, ಹನ್ನೊಂದಾದ ಮೇಲೆ ಫ್ರಿಜ್ಜಿನೊಳಗೆ ಮಲಗಿಸಿದರು. ಕೋಳಿ ಕೊಕ್ಕಿನಿಂದ ಮೊಟ್ಟೆ ಹೊರಳಿಸುವ ಹಾಗೆ ಮನುಷ್ಯರೂ ಹೊರಳಿಸಬೇಕು, ಇಲ್ಲದಿದ್ದರೆ ಒಳಗಿನ ಮರಿ ಚಿಪ್ಪಿಗೆ ಅಂಟಿಕೊಳ್ಳುತ್ತದೆ ಎಂದು ಫ್ರಿಜ್ಜಣ್ಣ ತಿಳಿದುಕೊಂಡಿದ್ದ. ಹೆಂಡತಿಯ ಹೊಲಿಗೆಯ ನೀಲಿ ಸೀಮೆಸುಣ್ಣ ತೆಗೆದುಕೊಂಡು ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಅಡ್ಡಗೆರೆ ಎಳೆದ. ಬೆಳಿಗ್ಗೆ ಅವನು ಗೆರೆ ಕೆಳಗಾಗುವಂತೆ ತಿರುಗಿಸಬೇಕು. ಸಂಜೆ ಅವನು ಬರುವುದು ತಡವಾದ್ದರಿಂದ ಹೆಂಡತಿ ತಿರುಗಿಸಬೇಕು. ಪ್ರತಿದಿನ ಬೆಳಿಗ್ಗೆ ಬಾಗಿಲು ತೆರೆದರೆ ಗೆರೆಗಳೆಲ್ಲ ಮೇಲೆ, ಇರಬೇಕಾದ ಹಾಗೆಯೇ. ಹೆಂಡತಿ ತಪ್ಪದೆ ಕೆಲಸ ಮಾಡಿದ್ದಾಳೆ ಎಂದು ಅವನು ಹಿಗ್ಗುತ್ತಿದ್ದ.

ಮೂರು ವಾರ ಕಳೆಯಿತು. ಒಂದು ಮೊಟ್ಟೆಯೂ ಮಿಸುಕಲಿಲ್ಲ. ಇನ್ನೂ ಕೆಲವು ದಿನ ಕಾದರು. ಕೊನೆಗೆ ಎಲ್ಲ ಮೊಟ್ಟೆಗಳೂ ಕಲ್ಲಿನ ಹಾಗೆ ತೆಪ್ಪಗೆ ಬಿದ್ದಿರುವುದು ನೋಡಿ ಅತ್ತೆ ಎದ್ದು ಹಿತ್ತಲಿಗೆ ಹೋದರು. ಆವತ್ತು ಸೂಟ್‌ಕೇಸನ್ನು ಮಂಚದ ಕೆಳಗಿಂದ ಎಳೆದು ಅದರ ಮೇಲಿನ ಧೂಳು ಒರೆಸಿದರು. ಧೂಳು ಒರೆಸಿದ್ದಷ್ಟೇ, ಆದರೆ ಅಳಿಯ ಆವತ್ತೇ ಫ್ರಿಜ್ಜಿನ ಮುಂದೆ ಹೋಗಿ ಕೂತ.

ರಿಪೇರಿಯವನಿಗೆ ಒಂದು ಅಭ್ಯಾಸವಿರುತ್ತದೆ. ಕೆಟ್ಟಿದ್ದೆಲ್ಲಿ ಎಂದು ಗೊತ್ತಾಗುವವರೆಗೆ ಅವನಿಗೆ ಊಟ ರುಚಿಸುವುದಿಲ್ಲ. ಮೊದಲು ಶಾಖ ನೋಡಿದ. ಮೇಲೆ, ಕೆಳಗೆ, ಮೊಟ್ಟೆಯ ಮಟ್ಟದಲ್ಲಿ ಮೂರು ಥರ್ಮಾಮೀಟರ್ ಇಟ್ಟ. ಮೂರೂ ಸರಿಯಾಗಿದ್ದವು. ಆಮೇಲೆ ನೀರಿನ ತಟ್ಟೆ ನೋಡಿದ, ತೇವವೂ ಸರಿ. ಉಳಿದದ್ದು ಹುಂಜ. ರಸ್ತೆ ದಾಟಿ ಬೇಕರಿಯವನ ಬಳಿ ಹೋಗಿ ಮೆಲ್ಲಗೆ ಕೇಳಿದ.

"ನನ್ನ ಹುಂಜನ ಮೇಲೆ ಅನುಮಾನವಾ?" ಬೇಕರಿಯವನು ಹಿಟ್ಟಿನ ಕೈಯನ್ನು ಸೊಂಟದ ಮೇಲಿಟ್ಟ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ! ಹೋಗಿ ನಿಮ್ಮ ಫ್ರಿಜ್ಜು ನೋಡ್ಕೊಳ್ಳಿ."

ಇನ್ನು ಉಳಿದದ್ದು ಪಶುವೈದ್ಯೆ. ಆಕೆಯ ಔಷಧಿ ಫ್ರಿಜ್ಜನ್ನು ಅವನೇ ನೋಡಿಕೊಳ್ಳುತ್ತಿದ್ದುದರಿಂದ ಸಲುಗೆಯಿತ್ತು. ಆಕೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೊಟ್ಟೆಗಳನ್ನು ಒಂದೊಂದಾಗಿ ಒಡೆದು ನೋಡಿದರು. "ಹುಂಜನದೇನೂ ತಪ್ಪಿಲ್ಲ. ಮರಿ ಬೆಳೆಯೋಕೆ ಶುರುವಾಗಿತ್ತು. ಆದರೆ ಎಲ್ಲವೂ ಒಂದೇ ಮಗ್ಗುಲಿಗೆ ಅಂಟಿಕೊಂಡಿವೆ. ನೀವು ಮೊಟ್ಟೆ ತಿರುಗಿಸಿಲ್ಲ."

"ತಿರುಗಿಸಿದೀವಿ ಡಾಕ್ಟ್ರೇ! ದಿನಾ ಎರಡು ಸಲ!"

"ಹಾಗಾದ್ರೆ ನಿಮ್ಮನೇಲಿ ಯಾರೋ ಸುಳ್ಳು ಹೇಳ್ತಿದ್ದಾರೆ" ಎಂದು ಆಕೆ ಕೈ ತೊಳೆದುಕೊಂಡರು.

ಈ ಮಾತನ್ನು ಅಲ್ಲಿಯೇ ಬಿಟ್ಟು ಬರುವಷ್ಟು ಬುದ್ಧಿ ಫ್ರಿಜ್ಜಣ್ಣನಿಗೆ ಇರಬೇಕಿತ್ತು. ಇರಲಿಲ್ಲ. ನೇರ ಮನೆಗೆ ಬಂದು, ಅತ್ತೆ ಅಂಗಡಿಗೆ ಹೋಗಿದ್ದ ಹೊತ್ತಿನಲ್ಲಿ ಹೆಂಡತಿಯನ್ನು, "ಸಂಜೆ ಹೊತ್ತು ನೀನು ನಿಜವಾಗ್ಲೂ ತಿರುಗಿಸ್ತಿದ್ಯಾ?" ಎಂದು ಕೇಳಿದ.

ಕತ್ತರಿ ಮೇಜಿನ ಮೇಲೆ ಠಣ್ ಎಂದಿತು. "ಇಲ್ಲ ರೀ, ಇಷ್ಟು ದಿನ ಆಮ್ಲೆಟ್ ಮಾಡ್ಕೊಂಡು ತಿಂತಿದ್ದೆ! ಎರಡು ಡಜನ್ ಸ್ಕೂಲ್ ಯೂನಿಫಾರಂ ಬಿಟ್ಟು ನಿಮ್ಮ ಮೊಟ್ಟೆ ಸೇವೆ ಮಾಡಿದ್ದಕ್ಕೆ ಇದು ಬಹುಮಾನವಾ? ನೀವು ಬೆಳಿಗ್ಗೆ ನಿದ್ದೆಗಣ್ಣಲ್ಲಿ ತಿರುಗಿಸ್ತಿದ್ರೋ ಇಲ್ವೋ, ಅದನ್ನ ಹೇಳಿ ಮೊದಲು."

ಆ ವಾರ ಮನೆಯಲ್ಲಿ ಟೆಲಿಫೋನ್ ಕಂಬವೂ ಕೆಟ್ಟುಹೋಯಿತು. ಗಂಡ ಹೆಂಡತಿ ಮಾತಿಲ್ಲ, ಅತ್ತೆ ಅಳಿಯ ಮೊದಲೇ ಮಾತಿಲ್ಲ. ಆ ಮನೆಯಲ್ಲಿ ಬಾಯಿಬಿಟ್ಟು ಮಾತಾಡುತ್ತಿದ್ದುದು ಗೊಣಗಿ ಒಂದೇ.

ಗೊಣಗಿಗೆ ಇವರ ಮೇಲೆ ಕನಿಕರ ಬಂತೋ ಏನೋ, ಇನ್ನು ಇಡುವುದೇ ಇಲ್ಲ ಅಂದುಕೊಂಡಿದ್ದ ಹೊತ್ತಿನಲ್ಲಿ ಐದು ಮೊಟ್ಟೆ ಇಟ್ಟಿತು. ಐದನೆಯದು ತೀರಾ ಚಿಕ್ಕದು, ಚಿಪ್ಪು ಒರಟು. ಅದಾದ ಮೇಲೆ ನಿಲ್ಲಿಸಿಬಿಟ್ಟಿತು. ಇವೇ ಕೊನೆಯವು ಎಂದು ಅತ್ತೆ ಮಗಳಿಗೆ ಹೇಳಿದರು, ಮಗಳು ಗಂಡನಿಗೆ ಹೇಳಿದಳು. ಐದನ್ನೂ ಫ್ರಿಜ್ಜಿನೊಳಗೆ ಇಟ್ಟರು. ಫ್ರಿಜ್ಜಣ್ಣ ಗೆರೆ ಎಳೆದ, ಈ ಸಲ ಇನ್ನೂ ದಪ್ಪವಾಗಿ.

ಮೂರನೆಯ ಬೆಳಿಗ್ಗೆಯೇ ಗುಟ್ಟು ಬಯಲಾಯಿತು. ಮೊಟ್ಟೆ ತಿರುಗಿಸಿ, ಬಾಗಿಲು ಹಾಕಿ, ಕೆಲಸಕ್ಕೆಂದು ರಸ್ತೆಯ ತಿರುವಿನವರೆಗೆ ಹೋದವನಿಗೆ ಸ್ಕ್ರೂಡ್ರೈವರಿನ ಚೀಲ ಮರೆತದ್ದು ನೆನಪಾಯಿತು. ವಾಪಸು ಬಂದ. ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅತ್ತೆ ಪುಟ್ಟ ಸ್ಟೂಲಿನ ಮೇಲೆ ಕೂತಿದ್ದರು. ಫ್ರಿಜ್ಜಿನ ಬಾಗಿಲು ತೆರೆದು, ಒಂದೊಂದೇ ಮೊಟ್ಟೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಹೊರಳಿಸುತ್ತಾ ಮಾತಾಡಿಸುತ್ತಿದ್ದರು.

"ಮಗ್ಗುಲು ಬದಲಾಯಿಸು ಕಂದಾ. ಒಂದೇ ಕಡೆ ಮಲಗಿದ್ರೆ ಮೈ ಹಿಡ್ಕೊಳ್ಳುತ್ತೆ. ಅಳಿಯಂದಿರಿಗೆ ಇದೊಂದು ಗೊತ್ತಾಗ್ಲಿಲ್ಲ ನೋಡು. ದಿನಾ ಬಾಗಿಲು ತೆಗೀತಾರೆ, ಬಿಸಿ ನೋಡ್ತಾರೆ, ಹೋಗ್ತಾರೆ. ಹೇಳೋಣ ಅಂದ್ರೆ ಅಷ್ಟು ಆಸೆಯಿಂದ ಮಾಡಿದ್ದಾರೆ, ತಪ್ಪು ಅಂತ ಹೇಗೆ ಹೇಳೋದು? ಪಾಪ, ಬಂಗಾರದಂಥ ಮನುಷ್ಯ."

ಗೆರೆಗಳು ಒಂದೊಂದಾಗಿ ಕೆಳಗಿಂದ ಮೇಲೆ ಬರುತ್ತಿದ್ದವು. ಫ್ರಿಜ್ಜಣ್ಣ ಬಾಗಿಲ ಬಳಿ ಕಂಬವಾಗಿ ನಿಂತ. ಅವನು ಬೆಳಿಗ್ಗೆ ಕೆಳಗೆ ಮಾಡಿದ್ದನ್ನು ಅತ್ತೆ ಮರುಗಳಿಗೆಯೇ ಮೇಲೆ ಮಾಡುತ್ತಿದ್ದರು. ಸಂಜೆ ಮಗಳು ಗೆರೆಯ ಕಡೆ ನೋಡದೆ ತಿರುಗಿಸಿ ಒಲೆಯ ಕಡೆ ಹೋದೊಡನೆ, ಅದಕ್ಕೂ ಅದೇ ಗತಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ಮೂವರು ಸೇರಿ ಅಷ್ಟು ಶ್ರದ್ಧೆಯಿಂದ ತಿರುಗಿಸಿ ತಿರುಗಿಸಿ, ಮೊಟ್ಟೆಗಳು ದಿನವಿಡೀ ಒಂದೇ ಮಗ್ಗುಲಲ್ಲಿ ಬಿದ್ದಿದ್ದವು.

"ಅತ್ತೆ" ಎಂದ ಅವನು. ನೇರವಾಗಿ ಕರೆದದ್ದು ಅದೇ ಮೊದಲು.

ಅತ್ತೆ ಬೆಚ್ಚಿಬಿದ್ದು ಎದ್ದು ನಿಂತರು. "ಅಯ್ಯೋ, ನಾನು ಸುಮ್ಮನೆ… ಕೋಳಿ ತಿರುಗಿಸುತ್ತಲ್ಲ, ಹಾಗೆ…"

"ನಾನೂ ತಿರುಗಿಸ್ತೀನಿ ಅತ್ತೆ. ದಿನಾ ಬೆಳಿಗ್ಗೆ. ಅದಕ್ಕೇ ಆ ನೀಲಿ ಗೆರೆ."

"ಅದು ಯಾವ ದಿನ ಇಟ್ಟ ಮೊಟ್ಟೆ ಅಂತ ಗುರುತು ಅಂದ್ಕೊಂಡಿದ್ದೆ!" ಅತ್ತೆ ಗೆರೆ ನೋಡಿದರು, ಅಳಿಯನನ್ನು ನೋಡಿದರು. ಮೆಲ್ಲಗೆ ಲೆಕ್ಕ ಹೊಳೆಯಿತು. ಮುಖ ಸಪ್ಪಗಾಯಿತು. "ಹಾಗಾದ್ರೆ ಮೊದಲಿನ ಹನ್ನೊಂದನ್ನೂ ನಾನೇ…"

ಅವರ ಕಣ್ಣು ತುಂಬಿದ್ದು ನೋಡಿ ಫ್ರಿಜ್ಜಣ್ಣ ಒಳಗೆ ಬಂದ. "ನೀವೊಬ್ಬರೇ ಅಲ್ಲ ಅತ್ತೆ. ನಾನು ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ಮುಗೀತಿತ್ತು. ನಾವಿಬ್ರೂ ಸೇರಿ ಮಾಡಿದ ಘನಕಾರ್ಯ ಇದು."

ಅಷ್ಟರಲ್ಲಿ ಬಾಗಿಲಲ್ಲಿ ಹೆಂಡತಿ ಕಾಣಿಸಿಕೊಂಡಳು. ಎಲ್ಲ ಕೇಳಿಸಿಕೊಂಡಿದ್ದಳು. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಕೈಗೆ ಉಗಿದು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಂದ್ರೆ ಸುಳ್ಳು ಹೇಳಿದವರು ಯಾರೂ ಇಲ್ಲ. ನಿಮ್ಮಿಬ್ಬರ ಮರ್ಯಾದೆಗೆ ಹನ್ನೊಂದು ಮೊಟ್ಟೆ ಬಲಿ!" ಅವಳ ನಗು ಅತ್ತೆಗೂ ಅಂಟಿತು, ಆಮೇಲೆ ಅಳಿಯನಿಗೂ. ಹಿತ್ತಲಿನಿಂದ ಗೊಣಗಿ ತನ್ನ ಅಭಿಪ್ರಾಯ ಹೇಳಿತು.

ಆವತ್ತೇ ಹೊಸ ಕಾನೂನು ಬಂತು. ಬೆಳಿಗ್ಗೆ ಅಳಿಯ, ಮಧ್ಯಾಹ್ನ ಅತ್ತೆ, ಸಂಜೆ ಮಗಳು. ತಿರುಗಿಸಿದವರು ತಿರುಗಿಸಿದೆ ಎಂದು ಮನೆಗೆಲ್ಲ ಕೇಳುವಂತೆ ಕೂಗಿ ಹೇಳಬೇಕು. "ತಿರುಗಿಸಿದೆ ಅಳಿಯಂದಿರೇ!" ಎಂದು ಅತ್ತೆ ಮಧ್ಯಾಹ್ನ ಫೋನ್ ಮಾಡಿ ಕೂಗುತ್ತಿದ್ದರು. ಯಾರದೋ ಅಡುಗೆಮನೆಯಲ್ಲಿ ಫ್ರಿಜ್ಜಿನ ಹಿಂದೆ ಬೆವರುತ್ತಾ ಕೂತಿದ್ದ ಫ್ರಿಜ್ಜಣ್ಣ, "ಆಯ್ತು ಅತ್ತೆ, ನೀವು ಊಟ ಮಾಡಿದ್ರಾ?" ಎಂದು ಕೇಳುತ್ತಿದ್ದ. ಆ ಮನೆಯವರು ಅವನನ್ನು ವಿಚಿತ್ರವಾಗಿ ನೋಡುತ್ತಿದ್ದರು.

ಒಂದು ವಾರವಾದ ಮೇಲೆ ಬಟ್ಟೆಯ ಥಾನು ಸುತ್ತಿ ಬರುವ ರಟ್ಟಿನ ಕೊಳವೆಗೆ ಟಾರ್ಚು ತೂರಿಸಿ, ಅದರ ಬಾಯಿಗೆ ಮೊಟ್ಟೆ ಹಿಡಿದು ಕತ್ತಲೆ ಕೋಣೆಯಲ್ಲಿ ನೋಡಿದರು. ಎರಡರಲ್ಲಿ ಏನೂ ಇರಲಿಲ್ಲ. ಮೂರರಲ್ಲಿ ಕೆಂಪು ದಾರದಂಥ ಎಳೆಗಳು ಕವಲೊಡೆದಿದ್ದವು, ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು. ಆ ಒರಟು ಚಿಪ್ಪಿನ ಚಿಕ್ಕ ಮೊಟ್ಟೆಯಲ್ಲೂ ಮಿಡಿಯುತ್ತಿತ್ತು. ಅತ್ತೆ ಎಷ್ಟು ಹೊತ್ತಾದರೂ ಕೊಳವೆ ಕೆಳಗಿಡಲಿಲ್ಲ.

ಕೊನೆಯ ಮೂರು ದಿನ ತಿರುಗಿಸುವಂತಿಲ್ಲ, ಬಾಗಿಲನ್ನೂ ತೆರೆಯುವಂತಿಲ್ಲ. ಮರಿ ಚಿಪ್ಪು ಒಡೆಯುವಾಗ ಒಳಗೆ ತೇವ ಹೆಚ್ಚು ಬೇಕು. ಬಾಗಿಲು ತೆರೆದರೆ ಹಬೆಯೆಲ್ಲ ಹೊರಗೆ ಹೋಗಿ, ಮರಿಯ ಸುತ್ತಲಿನ ಪೊರೆ ಒಣಗಿ ಬಿಗಿದುಕೊಳ್ಳುತ್ತದೆ. ಒಳಗೆ ನೀರಿನ ತಟ್ಟೆ, ಅದರಲ್ಲಿ ಸ್ಪಂಜು ಇಟ್ಟು ಬಾಗಿಲು ಮುಚ್ಚಿದ್ದಾಯಿತು.

ಭಾನುವಾರ ಬೆಳಿಗ್ಗೆ ಒಂದು ಮೊಟ್ಟೆಯೊಳಗಿಂದ ಚಿಯ್ ಎಂಬ ಸದ್ದು ಕೇಳಿಸಿತು. ಹೊಲಿಗೆ ಯಂತ್ರ ನಿಂತಿತು. ಮೂವರೂ ಗಾಜಿನ ಮುಂದೆ ಕೂತರು. ಮೊದಲನೆಯದು ಬಿರುಕು ಬಿಟ್ಟಿತು, ಎರಡನೆಯದೂ ಬಿಟ್ಟಿತು. ಮಧ್ಯಾಹ್ನದೊಳಗೆ ಎರಡು ಮರಿಗಳು ಒದ್ದೆ ಮುದ್ದೆಯಾಗಿ ಹೊರಗೆ ಬಿದ್ದು ತೂಕಡಿಸಿದವು. ಆ ಚಿಕ್ಕ ಮೊಟ್ಟೆ ಮಾತ್ರ ಒಂದು ತೂತು ಮಾಡಿ ನಿಂತುಬಿಟ್ಟಿತು. ತೂತಿನಲ್ಲಿ ಕೊಕ್ಕಿನ ತುದಿ ಕಾಣುತ್ತಿತ್ತು, ಅದು ಅಲುಗುವುದು ಬರಬರುತ್ತಾ ಕಡಿಮೆಯಾಯಿತು.

"ಬಾಗಿಲು ತೆಗೀರಿ, ಚಿಪ್ಪು ಬಿಡಿಸೋಣ" ಎಂದಳು ಹೆಂಡತಿ.

"ತೆಗೆದ್ರೆ ಅದು ಪೂರ್ತಿ ಒಣಗಿಹೋಗುತ್ತೆ."

"ತೆಗೀದಿದ್ರೂ ಹೋಗ್ತಿದೆಯಲ್ಲ!"

ಅತ್ತೆ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು. ಹಿಂದೆಯಾಗಿದ್ದರೆ ಮಗಳ ಕಿವಿಯಲ್ಲಿ ಹೇಳುತ್ತಿದ್ದರು, ಇಲ್ಲವೇ ನುಂಗಿಕೊಳ್ಳುತ್ತಿದ್ದರು. ಈಗ ಅಳಿಯನ ತೋಳು ಹಿಡಿದು ಜಗ್ಗಿದರು. "ಅಳಿಯಂದಿರೇ, ಬೆಳಿಗ್ಗೆ ಗಾಜಿನ ಮೇಲೆ ಮಂಜಿತ್ತು. ಈಗಿಲ್ಲ. ಸ್ಪಂಜು ನೋಡಿ, ಅಂಚು ಒಣಗಿದೆ. ನೀರು ಮುಗಿದಿದೆ!"

ಅವನು ನೋಡಿದ. ನಿಜ. ಬಾಗಿಲು ತೆರೆಯದೆ ಒಳಗೆ ನೀರು ಹೋಗುವುದು ಹೇಗೆ? ಮರುಕ್ಷಣ ಹಣೆ ಬಡಿದುಕೊಂಡ. ಫ್ರಿಜ್ಜಿನಲ್ಲಿ ಕರಗಿದ ನೀರು ಹೊರಗೆ ಹೋಗಲು ಹಿಂಬದಿಯಲ್ಲಿ ಒಂದು ತೂತು ಇದ್ದೇ ಇರುತ್ತದೆ. ಜೀವಮಾನದಲ್ಲಿ ಅಂಥ ಸಾವಿರ ತೂತುಗಳ ಕಸ ತೆಗೆದಿದ್ದ. ನೀರು ಹೊರಗೆ ಬರುವ ದಾರಿಯಲ್ಲಿ ಒಳಗೆ ಹೋಗಬಾರದೆಂದು ಯಾರು ಹೇಳಿದ್ದಾರೆ?

"ಸಣ್ಣ ಪೈಪು!" ಎಂದು ಕೂಗಿ ನೆಲದ ಮೇಲೆ ಬೋರಲು ಮಲಗಿದ. ಹೆಂಡತಿ ಚೀಲದಿಂದ ಪೈಪು ತಂದಳು. ಅತ್ತೆ ಉಗುರು ಬೆಚ್ಚಗಿನ ನೀರನ್ನು ಮೂತಿಯಿರುವ ಬಾಟಲಿಗೆ ತುಂಬಿ ತಂದರು. ಅವನು ಕಣ್ಣಿಗೆ ಕಾಣದ ತೂತಿನಲ್ಲಿ ಪೈಪು ತೂರಿಸಿದ, ಗಾಜಿನ ಮುಂದೆ ಕೂತ ಅತ್ತೆ ದಾರಿ ಹೇಳಿದರು. "ಎಡಕ್ಕೆ. ಇನ್ನೂ ಎಡಕ್ಕೆ. ಅಯ್ಯೋ ಅದು ಬಲ ಅಳಿಯಂದಿರೇ! ಹಾಂ, ಸ್ಪಂಜಿಗೆ ತಾಗ್ತು, ಬಿಡಿ ನೀರು!"

ಬಾಟಲಿ ಹಿಂಡಿದ. ಸ್ಪಂಜು ಉಬ್ಬಿತು. ಸ್ವಲ್ಪ ಹೊತ್ತಿಗೆ ಗಾಜಿನ ಕೆಳಗಿನ ಅಂಚಿನಲ್ಲಿ ಮಂಜು ಕೂತಿತು, ಮೆಲ್ಲಗೆ ಮೇಲಕ್ಕೇರಿತು. ಈಗ ಒಳಗೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಮೂವರೂ ಗಾಜಿಗೆ ಕಿವಿಗೊಟ್ಟರು. ಮೊದಲು ಟಕ್ ಎಂದಿತು. ಆಮೇಲೆ ಟಕ್ ಟಕ್. ಬಹಳ ಹೊತ್ತಿನ ಮೇಲೆ ಚಿಪ್ಪು ಎರಡಾಗಿ ಬಿದ್ದ ಸದ್ದು, ಅದರ ಹಿಂದೆಯೇ ಒಂದು ಉದ್ದನೆಯ, ಸಿಟ್ಟಿನ ಕೀಚಲು.

"ಗೊಣಗ್ತಿದೆ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. "ಹುಟ್ಟಿದ ತಕ್ಷಣ ಗೊಣಗ್ತಿದೆ! ನಮ್ಮಮ್ಮನ ಕೋಳೀನೇ ಇದು, ಅನುಮಾನವೇ ಬೇಡ." ಅವರು ನಗುತ್ತಲೇ ಅಳುತ್ತಿದ್ದರು. ಎದುರುಮನೆಯ ಬೇಕರಿಯವನು ಗಲಾಟೆ ಕೇಳಿ ಬಂದು, ಇಣುಕಿ ನೋಡಿ, "ಹುಂಜ ಯಾರದ್ದು?" ಎಂದು ಎದೆಯುಬ್ಬಿಸಿ ಹೋದ.

ಮರುದಿನ ಮರಿಗಳ ಮೈ ಒಣಗಿ ಹತ್ತಿಯ ಉಂಡೆಗಳಂತಾದವು. ಇನ್ನು ಅವುಗಳನ್ನು ಹೊರಗೆ ತೆಗೆದು ಬಲ್ಬಿನ ಕೆಳಗೆ ಬೆಚ್ಚಗಿಡಬೇಕು. ಅದಕ್ಕೊಂದು ಪೆಟ್ಟಿಗೆ ಬೇಕು, ಅದೇ ಮನೆಯಲ್ಲಿ ಇರಲಿಲ್ಲ. ಫ್ರಿಜ್ಜಣ್ಣ ಅಂಗಡಿಗೆ ಹೋಗಿ ರಟ್ಟಿನ ಡಬ್ಬ ತರುತ್ತೇನೆಂದು ಚಪ್ಪಲಿ ಮೆಟ್ಟಿದ.

"ಅದೇನೂ ಬೇಡ, ಇರಿ" ಎಂದು ಅತ್ತೆ ತಮ್ಮ ಕೋಣೆಗೆ ಹೋದರು. ಮಂಚದ ಕೆಳಗಿಂದ ಏನೋ ಎಳೆದ ಸದ್ದು, ಕೊಂಡಿ ತೆರೆದ ಸದ್ದು. ಹೊರಗೆ ಬಂದಾಗ ಅವರ ಕೈಯಲ್ಲಿ ಕಂದು ಸೂಟ್‌ಕೇಸಿತ್ತು, ಖಾಲಿ. ಒಳಗೆ ಹಳೆಯ ಟವೆಲ್ಲೊಂದನ್ನು ಹಾಸಿದ್ದರು. ಅದನ್ನು ನೆಲದ ಮೇಲಿಟ್ಟು, ಮುಚ್ಚಳ ಗೋಡೆಗೆ ಒರಗಿಸಿ, ಅಳಿಯ ಅದರೊಳಗೆ ಬಲ್ಬು ಇಳಿಬಿಟ್ಟ ಮೇಲೆ ಮೂರು ಮರಿಗಳನ್ನೂ ಒಂದೊಂದಾಗಿ ಅದರೊಳಗೆ ಬಿಟ್ಟರು. ಹಿತ್ತಲಿನಿಂದ ಗೊಣಗಿ ಬಂತು, ಸೂಟ್‌ಕೇಸಿನ ಸುತ್ತ ಒಂದು ಸುತ್ತು ಹಾಕಿತು. ತನ್ನ ಜನ್ಮದಲ್ಲಿ ಕಾವಿಗೆ ಕೂರದ ಕೋಳಿ ಒಳಗೆ ಹಾರಿ ಮರಿಗಳ ಮಧ್ಯೆ ಕೂತಿತು. ಮರಿಗಳ ಮೇಲಿನ ಪ್ರೀತಿಗೋ, ಬಲ್ಬಿನ ಬಿಸಿಗೋ, ಅದಕ್ಕೇ ಗೊತ್ತು.

ಹೆಂಡತಿ ಗಂಡನನ್ನು ನೋಡಿದಳು. ಗಂಡ ಸೂಟ್‌ಕೇಸನ್ನು ನೋಡುತ್ತಿದ್ದ. ಬಲ್ಬಿನ ವೈರು ಸರಿಯಾಗಿಯೇ ಇದ್ದರೂ ಅದನ್ನೇ ಮತ್ತೊಮ್ಮೆ ಸರಿಮಾಡಿದ.

"ಅಳಿಯಂದಿರೇ" ಎಂದರು ಅತ್ತೆ, ಮಗಳ ಕಡೆ ತಿರುಗದೆ, ನೇರ ಅವನನ್ನೇ ನೋಡಿ. "ನನ್ನ ಬಟ್ಟೆ ಎಲ್ಲಾ ಮಂಚದ ಮೇಲೆ ಬಿದ್ದಿವೆ. ಆ ಕಪಾಟಲ್ಲಿ ಕೆಳಗಿನ ಅರೆ ಖಾಲಿ ಇತ್ತಲ್ಲ, ಇನ್ನೂ ಇದೆಯಾ?"

"ಇದೆ ಅತ್ತೆ" ಎಂದ ಅವನು. "ಎರಡೂ ಇವೆ." ಅಷ್ಟು ಹೇಳಿ ಅರೆಗಳಿಗೆ ಹೊಸ ಕಾಗದ ಹಾಸಲು ಒಳಗೆ ಹೋದ.